ಬಾಗಿಲು ತೆರೆಯುವ ತನಕ: ದಲೀಪ್ ಸಿಂಗ್ ಸೌಂದ್ ಅವರ ಬದುಕು



ಈ ವರ್ಷ ಒಂದು ದಿನ ನಮ್ಮ ಕನ್ನಡ ತರಗತಿಯಲ್ಲಿ ಬೆಂಗಳೂರಿನ ವಿಧಾನಸೌಧದ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದೆವು. ಕರ್ನಾಟಕದ ವಿಧಾನಸಭೆಯಲ್ಲಿ 224 ಚುನಾಯಿತ ಸ್ಥಾನಗಳಿವೆ, ಶಾಸಕರು ಅಲ್ಲಿ ಕುಳಿತು ರಾಜ್ಯಕ್ಕೆ ಬೇಕಾದ ಕಾನೂನುಗಳನ್ನು ಮಾಡುತ್ತಾರೆ ಎಂದು ಹೇಳುತ್ತಿರುವಾಗ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿದಳು. ಶಾಸಕರಾಗಲು ಯಾವ ಪರೀಕ್ಷೆ ಪಾಸು ಮಾಡಬೇಕು ಎಂದು ಕೇಳಿದಳು.

ತರಗತಿಯಲ್ಲಿ ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ನಮ್ಮ ಬೇ ಏರಿಯಾದ ಮಕ್ಕಳಿಗೆ ಪ್ರತಿಯೊಂದು ಕೆಲಸಕ್ಕೂ ಒಂದು ಪರೀಕ್ಷೆ, ಒಂದು ಡಿಗ್ರಿ, ಒಂದು ನೇರ ದಾರಿ ಇದೆ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಶಾಸಕರಾಗಲು ಪರೀಕ್ಷೆಯೂ ಇಲ್ಲ, ಡಿಗ್ರಿಯೂ ಬೇಕಿಲ್ಲ. ವೈದ್ಯರು, ವಕೀಲರು, ಶಿಕ್ಷಕರು, ರೈತರು ಎಲ್ಲರೂ ಆಗಬಹುದು. ಬೇಕಾದದ್ದು ಎರಡೇ. ಆ ನಾಡಿನ ಪೌರತ್ವ ಮತ್ತು ಆ ಊರಿನ ಜನರ ನಂಬಿಕೆ. ಮೊದಲನೆಯದನ್ನು ಸರ್ಕಾರ ಕೊಡುತ್ತದೆ, ಎರಡನೆಯದನ್ನು ನಾವೇ ಸಂಪಾದಿಸಬೇಕು.

ಆ ಹುಡುಗಿಗೆ ಅಂದು ಚಿಕ್ಕದಾಗಿ ಉತ್ತರ ಕೊಟ್ಟೆವು. ದೊಡ್ಡ ಉತ್ತರವಾಗಿ ಒಬ್ಬ ಮಹನೀಯರ ಬದುಕನ್ನು ಇಲ್ಲಿ ಬರೆಯುತ್ತಿದ್ದೇವೆ. ಅವರು ಕನ್ನಡಿಗರಲ್ಲ, ಪಂಜಾಬಿನವರು. ಆದರೆ ಓದಿದ್ದು ನಮ್ಮ ಪಕ್ಕದ ಬರ್ಕ್ಲಿಯಲ್ಲಿ. ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯರು, ಮೊದಲ ಏಷ್ಯಾ ಮೂಲದವರು ಅವರೇ. ಇಲ್ಲಿ ಕಾಂಗ್ರೆಸ್ ಎಂದರೆ ನಮ್ಮ ಊರಿನ ಪಕ್ಷವಲ್ಲ, ವಾಷಿಂಗ್ಟನ್ನಿನಲ್ಲಿರುವ ಸಂಸತ್ತು. ಅದರ ಕೆಳಮನೆಯಲ್ಲಿ 435 ಸದಸ್ಯರು. ಅದು ನಮ್ಮ ಲೋಕಸಭೆಯಿದ್ದಂತೆ. ನಮ್ಮ ಕ್ಯಾಲಿಫೋರ್ನಿಯಾ ರಾಜ್ಯದ ಶಾಸಕಾಂಗ ಬೇರೆ. ಅದು ಸ್ಯಾಕ್ರಮೆಂಟೋದಲ್ಲಿದೆ, 80 ಸದಸ್ಯರ ಅಸೆಂಬ್ಲಿ ಮತ್ತು 40 ಸದಸ್ಯರ ಸೆನೆಟ್ ಎಂಬ ಎರಡು ಮನೆಗಳಿವೆ.

ಹಳ್ಳಿಯಿಂದ ಬರ್ಕ್ಲಿಗೆ

ದಲೀಪ್ ಸಿಂಗ್ ಸೌಂದ್ ಅವರು ಹುಟ್ಟಿದ್ದು 1899ರ ಸೆಪ್ಟೆಂಬರ್ 20ರಂದು, ಪಂಜಾಬಿನ ಅಮೃತಸರ ಜಿಲ್ಲೆಯ ಛಜ್ಜಲವಾಡಿ ಎಂಬ ಹಳ್ಳಿಯಲ್ಲಿ. ತಂದೆತಾಯಿಗೆ ಶಾಲೆಯ ವಿದ್ಯಾಭ್ಯಾಸವಿರಲಿಲ್ಲ. ಆದರೆ ಓದು ಬಾರದವರಿಗೇ ಓದಿನ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ಮಕ್ಕಳು ಕಲಿಯಲೆಂದು ಆ ಮನೆತನದವರು ಹಳ್ಳಿಯಲ್ಲಿ ಶಾಲೆ ನಡೆಯಲು ನೆರವಾದರು. ಮುಂದೆ ಸೌಂದ್ ಅವರು ಮನೆಯಿಂದ ದೂರ ಹೋಗಿ ಓದಿ, 1919ರಲ್ಲಿ ಪಂಜಾಬ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಬಿ.ಎ. ಪದವಿ ಪಡೆದರು. ಅದೇ 1919ರ ಏಪ್ರಿಲ್‌ನಲ್ಲಿ ಅವರ ಜಿಲ್ಲೆಯ ಅಮೃತಸರದಲ್ಲೇ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆಯಿತು ಎಂಬುದನ್ನು ನಾವು ನೆನಪಿಡಬೇಕು. ಗಾಂಧೀಜಿಯವರ ವಿಚಾರಗಳು, ಅಬ್ರಹಾಂ ಲಿಂಕನ್ನರ ಜೀವನ ಈ ತರುಣರ ಮನಸ್ಸನ್ನು ಗಾಢವಾಗಿ ಹಿಡಿದಿದ್ದವು.

ಹಣ್ಣುಗಳನ್ನು ಕೆಡದಂತೆ ಡಬ್ಬಿಯಲ್ಲಿ ತುಂಬಿಡುವ ವಿದ್ಯೆಯನ್ನು ಅಮೆರಿಕದಲ್ಲಿ ಕಲಿತು, ಎರಡು ಮೂರು ವರ್ಷಗಳಲ್ಲಿ ವಾಪಸು ಬಂದು, ಊರಿನಲ್ಲಿ ಮಾವಿನಹಣ್ಣಿನ ಉದ್ಯಮ ಶುರು ಮಾಡುತ್ತೇನೆಂದು ಮನೆಯವರನ್ನು ಒಪ್ಪಿಸಿ ಅವರು ಹೊರಟರು. 1920ರಲ್ಲಿ ನ್ಯೂಯಾರ್ಕಿನ ಎಲಿಸ್ ಐಲ್ಯಾಂಡಿಗೆ ಬಂದಿಳಿದು, ಅಲ್ಲಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಗೆ ಬಂದು ಸೇರಿದರು. ಎರಡು ವರ್ಷಕ್ಕೆ ವಾಪಸು ಹೋಗುತ್ತೇವೆ ಎಂದು ಹೇಳಿ ಬಂದವರು ನಮ್ಮಲ್ಲಿ ಎಷ್ಟು ಮಂದಿಯಿದ್ದೇವೆ ಎಂದು ಪೋಷಕರು ತಾವೇ ಲೆಕ್ಕ ಹಾಕಿಕೊಳ್ಳಬಹುದು!

ಆಗ ಬರ್ಕ್ಲಿಯಲ್ಲಿ ಭಾರತದ ವಿದ್ಯಾರ್ಥಿಗಳಿಗಾಗಿ ಒಂದು ಮನೆಯಿತ್ತು. ಸ್ಟಾಕ್‌ಟನ್ ಊರಿನ ಗುರುದ್ವಾರದವರು ಅದನ್ನು ನಡೆಸುತ್ತಿದ್ದರು. 1912ರಲ್ಲಿ ಆರಂಭವಾದ ಆ ಗುರುದ್ವಾರದ ಹಿಂದೆ ಇದ್ದವರು ಹೊಲಗಳಲ್ಲಿ ಬೆವರು ಸುರಿಸಿದ ಪಂಜಾಬಿ ರೈತರು, ಕೂಲಿಕಾರರು. ತಮಗೆ ಓದು ಸಿಗದಿದ್ದರೂ ಓದಲು ಬಂದ ಹುಡುಗರಿಗೆ ತಲೆಯ ಮೇಲೊಂದು ಸೂರು ಕೊಟ್ಟರು. ಸೌಂದ್ ಅವರು ಅಲ್ಲಿ ಉಳಿದುಕೊಂಡು ಓದಿದರು. ಬೇಸಿಗೆ ರಜೆಯಲ್ಲಿ ಹಣ್ಣು ತರಕಾರಿ ಡಬ್ಬಿ ತುಂಬುವ ಕಾರ್ಖಾನೆಗಳಲ್ಲಿ ದುಡಿದರು. ಕಲಿಯಲು ಬಂದ ವಿದ್ಯೆಯನ್ನು ಕೈಕೆಲಸವಾಗಿ ಕಲಿತಂತಾಯಿತು! ಆದರೆ ಮನಸ್ಸು ಗಣಿತದ ಕಡೆಗೇ ಎಳೆಯಿತು. 1922ರಲ್ಲಿ ಗಣಿತದಲ್ಲಿ ಎಂ.ಎ., 1924ರಲ್ಲಿ ಪಿಎಚ್.ಡಿ. ಪಡೆದು ಡಾಕ್ಟರ್ ಸೌಂದ್ ಆದರು.

ಮುಚ್ಚಿದ ಬಾಗಿಲು

ಇಂದು ಬರ್ಕ್ಲಿಯಲ್ಲಿ ಗಣಿತದ ಪಿಎಚ್.ಡಿ. ಮಾಡಿದವರಿಗೆ ಎಷ್ಟು ಮರ್ಯಾದೆ ಇದೆ ಎಂದು ನಿಮಗೆ ಗೊತ್ತು. ಅಂದಿನ ಮಾತು ಬೇರೆ. 1923ರ ಫೆಬ್ರವರಿಯಲ್ಲಿ, ಸೌಂದ್ ಅವರು ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಎಂಬುವರ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು. ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಅರ್ಜಿ ಹಾಕಿ ಅಮೆರಿಕದ ಪೌರರಾಗುವಂತಿಲ್ಲ ಎಂಬುದು ಅದರ ಸಾರ. ಥಿಂದ್ ಅವರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು. ಅದೂ ಲೆಕ್ಕಕ್ಕೆ ಬರಲಿಲ್ಲ. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳಲಾಯಿತು.

ಪೌರತ್ವವಿಲ್ಲವೆಂದರೆ ಮತ ಹಾಕುವಂತಿಲ್ಲ ಎಂದಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದ 1913 ಮತ್ತು 1920ರ ಭೂಕಾನೂನುಗಳ ಪ್ರಕಾರ, ಪೌರತ್ವಕ್ಕೆ ಅರ್ಹರಲ್ಲದವರು ಬೇಸಾಯದ ಭೂಮಿಯನ್ನು ಕೊಳ್ಳುವಂತೆಯೂ ಇಲ್ಲ, ಗುತ್ತಿಗೆಗೆ ಪಡೆಯುವಂತೆಯೂ ಇಲ್ಲ. ಅನೇಕ ಭಾರತೀಯರು ಗೆಳೆಯರ ಹೆಸರಿನಲ್ಲಿ ಕರಾರು ಮಾಡಿಕೊಂಡು, ನಂಬಿಕೆಯ ಮೇಲೆ ಬೇಸಾಯ ಮಾಡಬೇಕಾಯಿತು.

ಡಾಕ್ಟರೇಟ್ ಇದ್ದರೂ ಭಾರತೀಯರಿಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗುವುದು ದುಸ್ತರವಾಗಿತ್ತು. 1925ರಲ್ಲಿ ಡಾಕ್ಟರ್ ಸೌಂದ್ ಅವರು ಕ್ಯಾಲಿಫೋರ್ನಿಯಾದ ತೀರ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಯ ಪಕ್ಕದ ಇಂಪೀರಿಯಲ್ ಕಣಿವೆಗೆ ಹೋದರು. ಅದು ಮೂಲತಃ ಮರುಭೂಮಿ, ಕೊಲೊರಾಡೋ ನದಿಯ ಕಾಲುವೆ ನೀರಿನಿಂದ ಹಸಿರಾದ ಜಾಗ. ಬೇಸಿಗೆಯಲ್ಲಿ ಸುಡುವ ಬಿಸಿಲು. ಅಲ್ಲಿ ಭಾರತೀಯ ಗೆಳೆಯರ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಯವರ ಮೇಸ್ತ್ರಿಯಾಗಿ ಕೆಲಸಕ್ಕೆ ನಿಂತರು. ಮುಂದೆ ವೆಸ್ಟ್‌ಮೊರ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ನೆಲೆನಿಂತು ಸ್ವಂತ ಬೇಸಾಯ ಶುರು ಮಾಡಿ, ಲೆಟಿಸ್ ಮೊದಲಾದ ಬೆಳೆಗಳನ್ನು ಬೆಳೆದರು.

ಬೇಸಾಯ ಎಂದರೆ ಎಲ್ಲೆಡೆಯೂ ಜೂಜಿನ ಹಾಗೆ. ಒಂದು ವರ್ಷ ಬೆಲೆ ಬಂದರೆ ಇನ್ನೊಂದು ವರ್ಷ ಇಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅವರು ಸಾಲದಲ್ಲಿ ಮುಳುಗಿದರು. ದಿವಾಳಿ ಅರ್ಜಿ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ, ಹಲವು ವರ್ಷ ದುಡಿದು ಸಾಲ ತೀರಿಸಿದರು. ಊರಿನ ಅಂಗಡಿಯವರೂ ವ್ಯಾಪಾರಿಗಳೂ ಇಂಥದ್ದನ್ನು ಮರೆಯುವುದಿಲ್ಲ.

1928ರಲ್ಲಿ ಅವರು ಮರಿಯನ್ ಕೋಸಾ ಅವರನ್ನು ಮದುವೆಯಾದರು. ಪೌರತ್ವಕ್ಕೆ ಅರ್ಹನಲ್ಲದ ಗಂಡನ್ನು ಮದುವೆಯಾದ ಹೆಣ್ಣುಮಗಳು ತನ್ನ ಅಮೆರಿಕದ ಪೌರತ್ವವನ್ನೂ ಕಳೆದುಕೊಳ್ಳಬೇಕೆಂದು ಅಂದಿನ ಕಾನೂನು ಹೇಳುತ್ತಿತ್ತು. 1931ರಲ್ಲಿ ಆ ಕಾನೂನನ್ನು ತಿದ್ದಲಾಯಿತು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ ಹುಟ್ಟಿದರು. ಮಕ್ಕಳು ಹುಟ್ಟಿನಿಂದಲೇ ಅಮೆರಿಕನ್ನರು, ತಂದೆ ಮಾತ್ರ ಹೊರಗಿನವರು. ಇಂಥ ಮನೆಗಳು ನಮ್ಮ ನಡುವೆ ಇಂದಿಗೂ ಇವೆ.

ಕಾಯುವ ಕಾಲದ ಕೆಲಸ

ಮಕ್ಕಳೇ, ಇಲ್ಲಿ ಒಂದು ಲೆಕ್ಕ ಮಾಡಿ. ಸೌಂದ್ ಅವರು ಬಂದದ್ದು 1920ರಲ್ಲಿ. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 1946ರಲ್ಲಿ. ನಡುವೆ 26 ವರ್ಷ. ಈ 26 ವರ್ಷ ಅವರು ಏನು ಮಾಡಿದರು ಎಂಬುದೇ ನಮ್ಮ ಲೇಖನದ ತಿರುಳು.

ಅವರು ಮಾತನಾಡಿದರು. ಬರ್ಕ್ಲಿಯಲ್ಲಿದ್ದಾಗ ಹಿಂದುಸ್ತಾನ್ ಅಸೋಸಿಯೇಷನ್ ಎಂಬ ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿ ಭಾರತದ ಸ್ವಾತಂತ್ರ್ಯದ ಪರವಾಗಿ ಸಿಕ್ಕಿದ ವೇದಿಕೆಯಲ್ಲೆಲ್ಲ ಮಾತನಾಡುತ್ತಿದ್ದರು. ಕಣಿವೆಗೆ ಹೋದ ಮೇಲೂ ಚರ್ಚುಗಳಲ್ಲಿ, ಊರ ಸಂಘಗಳಲ್ಲಿ ಕರೆದಾಗಲೆಲ್ಲ ಹೋಗಿ ಭಾರತದ ವಿಷಯ ತಿಳಿಸಿಕೊಟ್ಟರು. ಅವರು ಬರೆದರು. ಕ್ಯಾಥರಿನ್ ಮೇಯೋ ಎಂಬ ಅಮೆರಿಕದ ಲೇಖಕಿ 1927ರಲ್ಲಿ ಭಾರತವನ್ನು ಹೀನಾಯವಾಗಿ ಚಿತ್ರಿಸಿ ಒಂದು ಪುಸ್ತಕ ಬರೆದಿದ್ದರು. ಸ್ಟಾಕ್‌ಟನ್ ಗುರುದ್ವಾರದವರ ಕೋರಿಕೆಯಂತೆ ಸೌಂದ್ ಅವರು 1930ರಲ್ಲಿ ಮೈ ಮದರ್ ಇಂಡಿಯಾ ಎಂಬ ಪುಸ್ತಕದ ಮೂಲಕ ಅದಕ್ಕೆ ಉತ್ತರ ಕೊಟ್ಟರು. ಹಗಲು ಹೊಲ, ರಾತ್ರಿ ಬರವಣಿಗೆ ಎಂಬಂಥ ಬದುಕು ಅದು.

ಅವರು ಸಂಘಟಿಸಿದರು. 1942ರಲ್ಲಿ ಇತರ ಭಾರತೀಯರೊಂದಿಗೆ ಸೇರಿ ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕ ಸಂಸ್ಥೆಯನ್ನು ಕಟ್ಟಿ, ಅದರ ಅಧ್ಯಕ್ಷರಾಗಿ ಪೌರತ್ವದ ಹಕ್ಕಿಗಾಗಿ ದುಡಿದರು. ಪೂರ್ವ ತೀರದ ನ್ಯೂಯಾರ್ಕಿನಲ್ಲಿ ಜೆ. ಜೆ. ಸಿಂಗ್ ಅವರ ಇಂಡಿಯಾ ಲೀಗ್ ಇದೇ ಕೆಲಸದಲ್ಲಿ ತೊಡಗಿತ್ತು. ಹನಿ ಹನಿಗೂಡಿದರೆ ಹಳ್ಳ ಎಂಬಂತೆ ಎರಡೂ ಕಡೆಯ ಪ್ರಯತ್ನ ಸೇರಿ, ಕ್ಲೇರ್ ಬೂತ್ ಲೂಸ್ ಮತ್ತು ಇಮ್ಯಾನುಯೆಲ್ ಸೆಲ್ಲರ್ ಎಂಬ ಸದಸ್ಯರು ಮಂಡಿಸಿದ ಮಸೂದೆಗೆ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತದಿಂದ ವರ್ಷಕ್ಕೆ ಬರಬಹುದಾದವರು ಕೇವಲ 100 ಮಂದಿ. ಆದರೆ ಇಲ್ಲಿದ್ದವರು ಪೌರರಾಗಬಹುದಿತ್ತು. ಸೌಂದ್ ಅವರು 1949ರ ಡಿಸೆಂಬರ್ 16ರಂದು ಅಮೆರಿಕದ ಪೌರರಾದರು. ಆಗ ಅವರ ವಯಸ್ಸು 50.

ಐವತ್ತರಲ್ಲಿ ಹೊಸ ಬದುಕು

ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವರು ಚುನಾವಣೆಗೆ ನಿಂತರು. ಮೊದಲ ಮೆಟ್ಟಿಲು ತೀರ ಚಿಕ್ಕದು, ವೆಸ್ಟ್‌ಮೊರ್‌ಲ್ಯಾಂಡಿನ ಊರ ನ್ಯಾಯಾಧೀಶರ ಸ್ಥಾನ. ಸಣ್ಣಪುಟ್ಟ ಮೊಕದ್ದಮೆಗಳನ್ನು ತೀರ್ಮಾನಿಸುವ ಹುದ್ದೆಯದು, ಜಸ್ಟಿಸ್ ಆಫ್ ದಿ ಪೀಸ್ ಎಂದು ಅದರ ಹೆಸರು. 1950ರಲ್ಲಿ ನಿಂತು ಗೆದ್ದರು. ಆದರೆ ಆಯ್ಕೆಯಾದಾಗ ಪೌರರಾಗಿ ಒಂದು ವರ್ಷ ತುಂಬಿರಲಿಲ್ಲ ಎಂಬ ಕಾರಣಕ್ಕೆ ಸ್ಥಾನವನ್ನು ಕೊಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಮನೆಗೆ ಹೋಗಿ ಕೂರಲಿಲ್ಲ, 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು.

ಆ ಚುನಾವಣೆಯ ಒಂದು ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನೀವು ಗೆದ್ದರೆ ನಿಮ್ಮ ಕೋರ್ಟಿಗೆ ಬರುವವರಿಗೆ ಪೇಟವನ್ನು ನೀವೇ ಕೊಡುತ್ತೀರೋ, ಇಲ್ಲ ನಾವೇ ಕೊಂಡುಕೊಂಡು ಬರಬೇಕೋ ಎಂದು ಊರಿನ ಒಬ್ಬರು ನಾಲ್ಕು ಜನರೆದುರು ಕುಟುಕಿದರಂತೆ. ಸೌಂದ್ ಅವರು ಕೋಪ ಮಾಡಿಕೊಳ್ಳಲಿಲ್ಲ. ಮನುಷ್ಯನ ತಲೆಯ ಮೇಲೆ ಏನಿದೆ ಎಂಬುದು ತಮಗೆ ಮುಖ್ಯವಲ್ಲ, ತಲೆಯೊಳಗೆ ಏನಿದೆ ಎಂಬುದಷ್ಟೇ ಮುಖ್ಯ ಎಂದು ನಗುನಗುತ್ತಲೇ ಉತ್ತರಿಸಿದರು. ಇಡೀ ಊರಿನಲ್ಲಿ ಆ ಮಾತು ಹರಡಿತು. ನ್ಯಾಯಾಧೀಶರಾಗಿ ಜೂಜು ಮೊದಲಾದ ಪಿಡುಗುಗಳನ್ನು ಬಿಗಿಯಾಗಿ ಹತ್ತಿಕ್ಕಿದರು. ಹೊಟ್ಟೆಪಾಡಿಗೆ ಗೊಬ್ಬರದ ವ್ಯಾಪಾರವೂ ಇತ್ತು. ಜನ ಅವರನ್ನು ಜಡ್ಜ್ ಸೌಂದ್ ಎಂದು ಕರೆಯತೊಡಗಿದರು.

1956ರಲ್ಲಿ ಅವರು ಡೆಮಾಕ್ರಟಿಕ್ ಪಕ್ಷದಿಂದ ಕಾಂಗ್ರೆಸ್ಸಿನ ಕೆಳಮನೆಗೆ ನಿಂತರು. ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳು ಸೇರಿದ 29ನೇ ಕ್ಷೇತ್ರ. ಸದಸ್ಯರಾಗಲು ಏಳು ವರ್ಷ ಪೌರರಾಗಿರಬೇಕೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಪಕ್ಷದೊಳಗಿನ ಎದುರಾಳಿ ಇದನ್ನೇ ಹಿಡಿದು ಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಗಣಿತದ ಮಕ್ಕಳು ಕಾಗದ ಪೆನ್ನು ತೆಗೆದುಕೊಳ್ಳಿ. 1949ರ ಡಿಸೆಂಬರ್ 16ರಿಂದ ಹೊಸ ಕಾಂಗ್ರೆಸ್ ಸೇರುವ 1957ರ ಜನವರಿ 3ಕ್ಕೆ ಎಷ್ಟಾಯಿತು? ಏಳು ವರ್ಷ ಹದಿನೆಂಟು ದಿನ! 1950ರಲ್ಲಿ ಯಾವ ಕ್ಯಾಲೆಂಡರ್ ಅವರನ್ನು ಹೊರಗಿಟ್ಟಿತೋ ಅದೇ ಕ್ಯಾಲೆಂಡರ್ ಈ ಸಲ ಹದಿನೆಂಟು ದಿನದ ಅಂತರದಲ್ಲಿ ಒಳಗೆ ಬಿಟ್ಟಿತು.

ನವೆಂಬರ್ ಚುನಾವಣೆಯಲ್ಲಿ ಎದುರಿಗಿದ್ದವರು ಸಾಮಾನ್ಯರಲ್ಲ. 1953ರಲ್ಲಿ ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿಸಿದ ಮೊದಲ ಮಹಿಳೆ, ಲೋಕಪ್ರಸಿದ್ಧ ವೈಮಾನಿಕಿ ಜಾಕ್ವೆಲಿನ್ ಕಾಕ್ರನ್. ಹಣವಿತ್ತು, ಹೆಸರಿತ್ತು, ಅಧ್ಯಕ್ಷ ಐಸೆನ್‌ಹೋವರ್ ಅವರ ಸ್ನೇಹವೂ ಇತ್ತು. ಸೌಂದ್ ಅವರ ಕಡೆ ಇದ್ದದ್ದು ಮನೆಯವರು ಮತ್ತು ಮೂವತ್ತು ವರ್ಷಗಳ ನೆರೆಹೊರೆ. ಮರಿಯನ್ ಮತ್ತು ಮಕ್ಕಳು ಮನೆಮನೆಗೆ ಹೋಗಿ ಜನರನ್ನು ಮತದಾರರಾಗಿ ನೋಂದಾಯಿಸಿದರು. ಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚು ಮತಗಳ ಅಂತರದಿಂದ ಸೌಂದ್ ಅವರು ಗೆದ್ದರು.

ವಾಷಿಂಗ್ಟನ್ನಿನಲ್ಲಿ ಹೊಸ ಸದಸ್ಯರಿಗೆ ಅಪರೂಪವಾಗಿ ಸಿಗುವ ವಿದೇಶಾಂಗ ಸಮಿತಿಯಲ್ಲಿ ಅವರಿಗೆ ಸ್ಥಾನ ಸಿಕ್ಕಿತು. ಕರಿಯ ಜನರ ಮತದಾನದ ಹಕ್ಕನ್ನು ಕಾಯುವ 1957ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಅವರು ಬೆಂಬಲಿಸಿದರು. ತನಗೆ ಬಾಗಿಲು ತೆರೆದ ಮೇಲೆ ಇತರರಿಗೂ ತೆರೆಯಲು ಕೈ ನೀಡಿದರು. ಅದೇ ವರ್ಷದ ಕೊನೆಯಲ್ಲಿ ಏಷ್ಯಾ ಪ್ರವಾಸ ಮಾಡಿ, ದೆಹಲಿಯಲ್ಲಿ ನಮ್ಮ ಸಂಸತ್ತಿನ ಸದಸ್ಯರನ್ನು ಉದ್ದೇಶಿಸಿ ಮಾತನಾಡಿದರು. 37 ವರ್ಷಗಳ ನಂತರ ಛಜ್ಜಲವಾಡಿಯ ಮಣ್ಣನ್ನು ಮೆಟ್ಟಿದರು. ಎರಡು ವರ್ಷಕ್ಕೆಂದು ಹೋದ ಹುಡುಗ ತಲೆ ನರೆತ ಮೇಲೆ ಬಂದಿದ್ದ!

1958 ಮತ್ತು 1960ರಲ್ಲಿ ಮತ್ತೆ ಗೆದ್ದರು. 1960ರಲ್ಲಿ ಆತ್ಮಕಥೆ ಪ್ರಕಟವಾಯಿತು. 1962ರ ಮೇ ತಿಂಗಳಲ್ಲಿ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಲಕ್ವ ಹೊಡೆಯಿತು. ಜೀವನವಿಡೀ ಮಾತಿನಿಂದಲೇ ಜನರನ್ನು ಗೆದ್ದವರಿಗೆ ಮಾತೇ ನಿಂತುಹೋಯಿತು. ಆ ವರ್ಷದ ಚುನಾವಣೆಯಲ್ಲಿ ಮರಿಯನ್ ಅವರೇ ಪ್ರಚಾರ ಮಾಡಿದರೂ ಸೋಲಾಯಿತು. 1973ರ ಏಪ್ರಿಲ್ 22ರಂದು ಸೌಂದ್ ಅವರು ನಿಧನರಾದರು. 2005ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನ ಅಂಚೆ ಕಚೇರಿಗೆ ಅವರ ಹೆಸರಿಡಲಾಯಿತು. 2007ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಅವರ ಭಾವಚಿತ್ರ ಅನಾವರಣಗೊಂಡಿತು.

ನಮಗೇನು ಪಾಠ?

ಸೌಂದ್ ಅವರ ನಂತರ ಭಾರತೀಯ ಮೂಲದ ಇನ್ನೊಬ್ಬರು ಕಾಂಗ್ರೆಸ್ಸಿಗೆ ಆಯ್ಕೆಯಾಗಲು 2004ರವರೆಗೆ ಕಾಯಬೇಕಾಯಿತು. ನಮ್ಮ ಕ್ಯಾಲಿಫೋರ್ನಿಯಾದ ಅಸೆಂಬ್ಲಿಗೆ ಭಾರತೀಯ ಮೂಲದವರು ಮೊದಲ ಬಾರಿಗೆ ಆಯ್ಕೆಯಾದದ್ದು 2016ರಲ್ಲಿ. ಸ್ಯಾನ್ ಹೊಸೆಯ ಆಶ್ ಕಾಲ್ರಾ ಅವರು ವಕೀಲ ವೃತ್ತಿಯಿಂದ ಬಂದವರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ, ಉದ್ಯಮ ನಡೆಸಿ, 2021ರಲ್ಲಿ ಮಿಶಿಗನ್ ರಾಜ್ಯದ ಶಾಸಕರಾದರು, 2023ರಲ್ಲಿ ಕಾಂಗ್ರೆಸ್ ಪ್ರವೇಶಿಸಿದರು. ಯಾರ ದಾರಿಯೂ ನೇರವಾಗಿರಲಿಲ್ಲ.

ಈ ಸಾಲುಗಳನ್ನು ಬರೆಯುವ ನಾವೂ ಬಿ.ಎ., ಬಿ.ಎಡ್. ಮುಗಿಸಿ ಇಲ್ಲಿಗೆ ಬಂದಾಗ, ಕೆಲಸ ಮಾಡಲು ಅನುಮತಿ ಇಲ್ಲದ ವೀಸಾದಲ್ಲಿ ಕೆಲವು ವರ್ಷ ಮನೆಯಲ್ಲಿ ಕುಳಿತಿದ್ದೆವು. ಕಲಿತದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ಕಣ್ಣೀರು ಹಾಕಿದ ದಿನಗಳುಂಟು. ಆಗ ಅಕ್ಕಪಕ್ಕದ ಮನೆಗಳ ನಾಲ್ಕು ಮಕ್ಕಳನ್ನು ಊಟದ ಮೇಜಿನ ಸುತ್ತ ಕೂರಿಸಿ ಅ ಆ ಇ ಈ ತಿದ್ದಿಸಿದ್ದೇ ಇಂದಿನ ಈ ತರಗತಿಗೆ ದಾರಿಯಾಯಿತು. ನಮ್ಮ ಪೋಷಕರಲ್ಲಿ ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವವರು ಬಹಳ ಮಂದಿ ಇದ್ದಾರೆ. ಬಾಗಿಲು ಎಂದು ತೆರೆಯುತ್ತದೆ ಎಂದು ಸೌಂದ್ ಅವರಿಗೂ ಗೊತ್ತಿರಲಿಲ್ಲ. ಅದು ತೆರೆಯುವುದೆಂಬ ಭರವಸೆಯನ್ನೂ ಯಾರೂ ಕೊಟ್ಟಿರಲಿಲ್ಲ. ಆದರೂ ಅವರು ನೆರೆಯವರ ಸಾಲ ಉಳಿಸಿಕೊಳ್ಳಲಿಲ್ಲ, ಕರೆದ ಸಭೆಗೆ ಹೋಗದೆ ಉಳಿಯಲಿಲ್ಲ, ಓದು ಬರಹ ಬಿಡಲಿಲ್ಲ. ಬಾಗಿಲು ತೆರೆದಾಗ ಊರಿಗೆ ಅವರು ಅಪರಿಚಿತರಾಗಿರಲಿಲ್ಲ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಗುವಿನ ಮನಸ್ಸು ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳಿದರೆ ಗಾಬರಿಯಾಗಬೇಡಿ. ಡಬ್ಬಿಯ ಮಾವಿನಹಣ್ಣಿನಿಂದ ಗಣಿತಕ್ಕೆ, ಗಣಿತದಿಂದ ಹೊಲಕ್ಕೆ, ಹೊಲದಿಂದ ಕೋರ್ಟಿಗೆ, ಅಲ್ಲಿಂದ ಸಂಸತ್ತಿಗೆ ಹೋದ ಈ ದಾರಿಯಲ್ಲಿ ಯಾವ ಹೆಜ್ಜೆಯೂ ವ್ಯರ್ಥವಾಗಲಿಲ್ಲ.

ಮಕ್ಕಳೇ, ನಿಮಗೊಂದು ಮನೆಗೆಲಸ. ಈ ರಜೆಯಲ್ಲಿ ಬರ್ಕ್ಲಿಗೆ ಹೋದರೆ, ನೂರು ವರ್ಷದ ಹಿಂದೆ ಅದೇ ಬೀದಿಗಳಲ್ಲಿ ಪುಸ್ತಕ ಹಿಡಿದು ಓಡಾಡಿದ ಒಬ್ಬ ಹಳ್ಳಿಯ ಹುಡುಗನನ್ನು ನೆನೆಯಿರಿ. ನೀವು ಇರುವ ಊರಿನ ಅಸೆಂಬ್ಲಿ ಸದಸ್ಯರು ಯಾರು, ಅದಕ್ಕೆ ಮೊದಲು ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಹುಡುಕಿ, ಕನ್ನಡದಲ್ಲಿ ಐದು ಸಾಲು ಬರೆದು ತನ್ನಿ. ಯಾವ ಪರೀಕ್ಷೆ ಪಾಸು ಮಾಡಬೇಕು ಎಂದು ಕೇಳಿದ ಆ ಪುಟ್ಟ ಹುಡುಗಿ ಮೊದಲು ಓದಲಿ.